ಅಂಗಳದ ಮಾತು: ನಾಯಿಯ ಕಜ್ಜಿಗೆ ಮನೆಮದ್ದು ಕೇಳಿದ ಸೋದರಿಗೆ



ಉಪ್ಪಿನಕಾಯಿಗೆ ಬೂಷ್ಟು ಬಂದರೆ ಏನು ಮಾಡಬೇಕು, ಮಗುವಿನ ನೆಗಡಿಗೆ ಯಾವ ಕಷಾಯ ಒಳ್ಳೆಯದು, ಹಪ್ಪಳದ ಹಿಟ್ಟು ಹರಿದುಹೋಗುವುದೇಕೆ - ಇಂಥ ಪತ್ರಗಳು ನನಗೆ ಬರುವುದು ವಾಡಿಕೆ. ಗೊತ್ತಿದ್ದಷ್ಟು ಬರೆಯುತ್ತೇನೆ, ಗೊತ್ತಿಲ್ಲದ್ದನ್ನು ನಮ್ಮ ಅತ್ತೆಯನ್ನು ಕೇಳಿ ಬರೆಯುತ್ತೇನೆ. ಆದರೆ ಈ ಸಲ ಹಾಸನ ಜಿಲ್ಲೆಯ ಸೋದರಿಯೊಬ್ಬರು ಬರೆದಿರುವ ಪತ್ರ ಓದಿ ಎರಡು ದಿನ ನನಗೆ ಸಮಾಧಾನವೇ ಇರಲಿಲ್ಲ.

ಅವರ ಮನೆಯಲ್ಲಿ ಐದು ತಿಂಗಳ ನಾಯಿಮರಿ ಇದೆಯಂತೆ. ಕಣ್ಣಿನ ಸುತ್ತ, ಬಾಯಿಯ ಪಕ್ಕ, ಮುಂಗಾಲಿನ ಮೇಲೆ ರೂಪಾಯಿ ನಾಣ್ಯದಷ್ಟು ಅಗಲ ಕೂದಲು ಉದುರಿದೆ. ತುರಿಕೆ ಅಷ್ಟೇನೂ ಇಲ್ಲ. ಆದರೆ ಮನೆಯವರು, "ಇದು ಕಜ್ಜಿ, ಮಕ್ಕಳಿಗೆ ಅಂಟುತ್ತೆ, ತೋಟದಾಚೆ ಬಿಟ್ಟು ಬರೋಣ" ಎನ್ನುತ್ತಿದ್ದಾರೆ. ಮಕ್ಕಳು ಅಳುತ್ತಿವೆ. "ಒಳ್ಳೆಯ ಮನೆಮದ್ದು ಇದ್ದರೆ ಬೇಗ ತಿಳಿಸಿ, ಮರಿ ಉಳಿಯುವುದು ನಿಮ್ಮ ಕೈಯಲ್ಲಿದೆ" ಎಂದು ಕೊನೆಗೆ ಬರೆದಿದ್ದಾರೆ.

ಸೋದರಿ, ಮರಿಯನ್ನು ಎಲ್ಲೂ ಬಿಡಬೇಡಿ. ಮನೆಮದ್ದನ್ನೂ ಹಚ್ಚಬೇಡಿ. ಹೀಗೆ ಹೇಳುವುದಕ್ಕೆ ನನಗೆ ಯಾವ ಪದವಿಯೂ ಇಲ್ಲ, ನಾನು ಎಸ್ಸೆಸ್ಸೆಲ್ಸಿ ಓದಿದ ಗೃಹಿಣಿ. ಆದರೆ ಹೋದ ವರ್ಷ ನಮ್ಮ ಕೆಂಚಿಗೆ ಕಜ್ಜಿಯಾದಾಗ ನಾನು ಮಾಡಿದ ತಪ್ಪುಗಳು ಒಂದೆರಡಲ್ಲ. ಅವನ್ನು ಮುಚ್ಚಿಟ್ಟುಕೊಂಡು ನಿಮಗೆ ಬುದ್ಧಿ ಹೇಳಿದರೆ ಸರಿಯಾಗುವುದಿಲ್ಲ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನಾನು ಮಾಡಿದ ಎಡವಟ್ಟು

ಕೆಂಚಿ ನಮ್ಮ ಮನೆಯ ನಾಯಿ. ಜಾತಿ ನಾಯಿಯಲ್ಲ, ಊರ ನಾಯಿಯ ಮರಿ. ಮಗಳು ಸ್ಕೂಲಿನಿಂದ ಬರುವಾಗ ಲಂಗದ ಮಡಿಲಲ್ಲಿ ಹಾಕಿಕೊಂಡು ತಂದದ್ದು. ಹೋದ ವರ್ಷ ಮಳೆಗಾಲದಲ್ಲಿ ಒಂದು ಬೀದಿನಾಯಿ ನಮ್ಮ ಗೇಟಿನ ಪಕ್ಕ ಮಲಗಲು ಶುರುಮಾಡಿತು. ಮೈಮೇಲೆ ಕೂದಲೇ ಇಲ್ಲ, ಆನೆ ಚರ್ಮದ ಹಾಗೆ ಕಪ್ಪಗೆ ಸುಕ್ಕುಗಟ್ಟಿದ ಚರ್ಮ. ಕೆಂಚಿ ಗೇಟಿನ ಸಂದಿಯಲ್ಲಿ ಮೂತಿ ತೂರಿಸಿ ಅದರ ಜೊತೆ ಆಡುತ್ತಿತ್ತು. ನಾನೂ ಪಾಪ ಅಂತ ಅದಕ್ಕೆ ಮಿಕ್ಕ ಮುದ್ದೆ ಹಾಕುತ್ತಿದ್ದೆ.

ಕೆಲವು ವಾರ ಕಳೆದ ಮೇಲೆ ಕೆಂಚಿ ಕಿವಿ ಒದರತೊಡಗಿತು. ಆಮೇಲೆ ಕೆರೆತ. ಹಗಲು ಅಷ್ಟಿಲ್ಲ, ರಾತ್ರಿ ಬೆಚ್ಚಗೆ ಮಲಗಿದ ಕೂಡಲೇ ಜೋರು. ವರಾಂಡದಲ್ಲಿ ಅದರ ಸರಪಳಿಯ ಸದ್ದಿಗೆ ಮನೆಯವರಿಗೆಲ್ಲ ನಿದ್ದೆ ಇಲ್ಲ. ನೋಡಿದರೆ ಕಿವಿಯ ಅಂಚಿನಲ್ಲಿ ಹೊಟ್ಟಿನ ಹಾಗೆ ಹಕ್ಕಳೆ, ಮುಂಗಾಲಿನ ಮೊಣಗಂಟಿನಲ್ಲಿ ಕೂದಲು ಹೋಗಿ ಕೆಂಪು ಚರ್ಮ, ಹೊಟ್ಟೆಯ ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ.

"ಇದು ನುಸಿ ಕಣೇ," ಎಂದರು ಅತ್ತೆ. ನಮ್ಮದು ತಿಪಟೂರು. ನುಸಿ ಎಂಬ ಹೆಸರು ನಮ್ಮ ಕಡೆಯವರಿಗೆ ಹೊಸದಲ್ಲ. 1990ರ ದಶಕದ ಕೊನೆಯಲ್ಲಿ ತೆಂಗಿಗೆ ನುಸಿ ಬಿದ್ದು ಎಳೆ ಕಾಯಿಗಳ ತೊಟ್ಟಿನ ಕೆಳಗೆ ಕಂದು ಕಲೆಯಾಗಿ, ಕಾಯಿ ಬಿರುಕು ಬಿಟ್ಟು, ಗಾತ್ರ ಕುಗ್ಗಿ, ತೆಂಗನ್ನೇ ನಂಬಿದ ಮನೆಗಳು ಕಂಗಾಲಾದದ್ದನ್ನು ನಾವೆಲ್ಲ ನೋಡಿದ್ದೇವೆ. ಆಗ ಬೇವಿನೆಣ್ಣೆಗೆ ಬೆಳ್ಳುಳ್ಳಿ ರಸ, ಸೋಪಿನ ನೀರು ಬೆರೆಸಿ ಗೊನೆಗಳಿಗೆ ಹೊಡೆಯುತ್ತಿದ್ದರು. ಅದೇ ಲೆಕ್ಕದಲ್ಲಿ ಅತ್ತೆಯೂ ನಾನೂ ಸೇರಿ ಬೇವಿನೆಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಕಾಯಿಸಿ ಕೆಂಚಿಗೆ ಬಳಿದೆವು. ಮರದ ನುಸಿಗೆ ಆಗುವ ಮದ್ದು ನಾಯಿಯ ನುಸಿಗೆ ಆಗಬಾರದೇ ಎಂಬುದು ನಮ್ಮ ತರ್ಕ. ಈ ಅಂಕಣದಲ್ಲಿ ನೂರು ಮನೆಮದ್ದು ಬರೆದವಳು ನಾನು, ನನಗೆ ಬೇರೆಯವರನ್ನು ಕೇಳುವ ಮನಸ್ಸೂ ಇರಲಿಲ್ಲ.

ಹತ್ತು ದಿನವಾದರೂ ಗುಣ ಕಾಣಲಿಲ್ಲ. ಮೂಲೆಯ ಗ್ಯಾರೇಜಿನ ಹುಡುಗ, "ಆಂಟಿ, ಕರೀ ಆಯಿಲ್ ಹಚ್ಚಿ, ಮೂರೇ ದಿನ" ಎಂದು ಒಂದು ಡಬ್ಬಿ ತಂದುಕೊಟ್ಟ. ಲಾರಿ ಎಂಜಿನ್ನಿನಿಂದ ತೆಗೆದ ಸುಟ್ಟ ಎಣ್ಣೆ. ಅದನ್ನೂ ಹಚ್ಚಿದೆ. ತಲೆಯಿಂದ ಬಾಲದವರೆಗೆ, ನನ್ನ ಈ ಕೈಯಿಂದಲೇ. ಕೆಂಚಿ ರಾತ್ರಿಯೆಲ್ಲ ಮೈ ನೆಕ್ಕಿತು. ಬೆಳಿಗ್ಗೆ ವಾಂತಿ, ಭೇದಿ. ಎರಡು ದಿನ ಅನ್ನ ಮುಟ್ಟಲಿಲ್ಲ. ಕರೆದರೆ ಬಾಲ ಆಡಿಸುವುದು, ಏಳುವುದಕ್ಕೆ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಮಗಳ ಮುಂಗೈ ಮೇಲೆ, ಸೊಂಟದ ಸುತ್ತ ಕೆಂಪು ಗುಳ್ಳೆಗಳು ಎದ್ದವು. ಕೆಂಚಿಯನ್ನು ಎತ್ತಿಕೊಂಡು ಓದುತ್ತಾ ಕೂರುವವಳು ಅವಳೇ. ಪರೀಕ್ಷೆಗೆ ಇನ್ನೊಂದು ತಿಂಗಳು. ರಾತ್ರಿ ಕೆರೆದುಕೊಂಡು ನಿದ್ದೆಯಿಲ್ಲ, ಬೆಳಿಗ್ಗೆ ಓದಿಲ್ಲ. ಇನ್ನು ತಡೆಯುವವರು ಯಾರು?

"ಮಗ ಮೊದ್ಲೋ ನಾಯಿ ಮೊದ್ಲೋ? ಎಲ್ಲಾದ್ರೂ ಬಿಟ್ ಬರೋದ್ ಕಲೀರಿ," ಎಂದರು ಅತ್ತೆ. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ ನೋಡಿ, ಮೊಮ್ಮಗಳ ಮೇಲಿನ ಪ್ರೀತಿ. ನಮ್ಮ ಯಜಮಾನರು ಹೆದ್ದಾರಿಯ ಢಾಬಾ ಹತ್ತಿರ ಬಿಟ್ಟರೆ ಅನ್ನಕ್ಕೆ ತೊಂದರೆಯಿಲ್ಲ ಎಂದು ಆಟೋ ಗೊತ್ತುಮಾಡಿದರು. ಗೋಣಿಚೀಲ ಹಾಸಿ ಕೆಂಚಿಯನ್ನು ಆಟೋಗೆ ಹತ್ತಿಸಿದ್ದೂ ನಾನೇ. ಅದು ಎಲ್ಲಿಗೋ ತಿರುಗಾಟಕ್ಕೆ ಹೊರಟ ಹಾಗೆ ಕಿವಿ ನಿಮಿರಿಸಿ ನನ್ನ ಪಕ್ಕ ಕೂತಿತು. ಮಗಳು ಬಾಗಿಲಿಗೆ ಬರಲೇ ಇಲ್ಲ. ಬಸ್ ಸ್ಟ್ಯಾಂಡ್ ದಾಟುವಾಗ ನನ್ನಿಂದ ಆಗಲಿಲ್ಲ. "ರೀ, ಒಂದು ಸಲ ಪಶು ಆಸ್ಪತ್ರೆಗೆ ತೋರಿಸಿಬಿಡೋಣ. ಅವರೂ ಆಗಲ್ಲ ಅಂದ್ರೆ ಆಮೇಲೆ ನೋಡೋಣ," ಎಂದೆ. ಅವರು ಒಂದು ಮಾತೂ ಆಡದೆ ಆಟೋದವನಿಗೆ ಎಡಕ್ಕೆ ತಿರುಗಿಸಲು ಹೇಳಿದರು. ಅವರಿಗೂ ಮನಸ್ಸಿರಲಿಲ್ಲ ಎಂಬುದು ನನಗೆ ಆಗ ತಿಳಿಯಿತು.

ಗಾಜಿನ ಮೇಲೆ ಕಂಡದ್ದು

ಆಸ್ಪತ್ರೆಯಲ್ಲಿದ್ದವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಕೈಗೆ ಗ್ಲೌಸ್ ಹಾಕಿಕೊಂಡು ಕೆಂಚಿಯ ಕಿವಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಉಜ್ಜಿದರು. ಕೂಡಲೇ ಕೆಂಚಿಯ ಹಿಂಗಾಲು ತಾನಾಗಿಯೇ ಗಾಳಿಯಲ್ಲಿ ಕೆರೆಯತೊಡಗಿತು. "ನೋಡೀಮ್ಮ, ಹೀಗೆ ಕಾಲು ಆಡಿಸಿದರೆ ನಮಗೆ ಅರ್ಧ ಉತ್ತರ ಸಿಕ್ಕ ಹಾಗೆ," ಎಂದರು.

ಆಮೇಲೆ ಮೊಣಗಂಟಿನ ಚರ್ಮಕ್ಕೆ ಒಂದು ತೊಟ್ಟು ಎಣ್ಣೆ ಹಾಕಿ, ಬ್ಲೇಡಿನಿಂದ ನಯವಾಗಿ ಹೆರೆದು, ಬಂದದ್ದನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮೊದಲ ಎರಡು ಗಾಜಿನಲ್ಲಿ ಏನೂ ಕಾಣಲಿಲ್ಲ. ಮೂರನೆಯದು ಕಿವಿಯ ಹಕ್ಕಳೆ. "ಸಿಕ್ಕಿತು, ಬನ್ನಿ ನೋಡಿ" ಎಂದು ನನ್ನನ್ನೂ ಕರೆದರು. ನಾನು ಒಂದು ಕಣ್ಣು ಮುಚ್ಚಿ ನೋಡಿದೆ. ದುಂಡಗೆ, ಗಾಜಿನ ಹಾಗೆ ಬಿಳುಪಾಗಿ, ಮೋಟು ಮೋಟು ಕಾಲಿನ ಒಂದು ಜೀವ. ನಮ್ಮ ಮನೆಯನ್ನೆಲ್ಲ ನಿದ್ದೆಗೆಡಿಸಿದ್ದು ಅರ್ಧ ಮಿಲಿಮೀಟರೂ ಇಲ್ಲದ ಈ ಪ್ರಾಣಿಯೇ ಎನಿಸಿತು.

ಡಾಕ್ಟರಮ್ಮ ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ನುಸಿ ಎಂದರೆ ಹೇನು, ಚಿಗಟಗಳ ಹಾಗೆ ಆರು ಕಾಲಿನ ಕೀಟವಲ್ಲ. ಬೆಳೆದ ನುಸಿಗೆ ಎಂಟು ಕಾಲು, ಅದು ಜೇಡ ಮತ್ತು ಉಣ್ಣೆಯ ನೆಂಟ. ಕೆಂಚಿಗೆ ಹತ್ತಿದ್ದರ ಹೆಸರು ಸಾರ್ಕಾಪ್ಟಿಸ್. ಇದರ ಹೆಣ್ಣು ಚರ್ಮದ ಮೇಲುಪದರದೊಳಗೆ ಸುರಂಗ ಕೊರೆದು, ದಿನಕ್ಕೆ ಎರಡು ಮೂರರಂತೆ ಮೊಟ್ಟೆ ಇಡುತ್ತಾ ಹೋಗುತ್ತದೆ. ಮೊಟ್ಟೆ ಒಡೆದು ಮರಿಯಾಗಿ, ಮರಿ ಬೆಳೆದು ಮತ್ತೆ ಮೊಟ್ಟೆ ಇಡುವಂತಾಗಲು ಸುಮಾರು ಮೂರು ವಾರ. ನುಸಿಯ ಎಂಜಲು, ಹಿಕ್ಕೆಗಳು ನಾಯಿಯ ಮೈಗೆ ಒಗ್ಗದೆ ಅಲರ್ಜಿಯಾಗುವುದರಿಂದ ಆ ಪರಿ ತುರಿಕೆ. ಹತ್ತೇ ನುಸಿ ಇದ್ದರೂ ನಾಯಿಗೆ ಮೈಯೆಲ್ಲ ಬೆಂಕಿ. ಹಾಗಾಗಿಯೇ ಹೆರೆದು ನೋಡಿದಾಗ ಎಷ್ಟೋ ಸಲ ನುಸಿ ಸಿಗುವುದಿಲ್ಲ. ಸಿಗಲಿಲ್ಲವೆಂದ ಮಾತ್ರಕ್ಕೆ ಇಲ್ಲವೆಂದಲ್ಲ. ಲಕ್ಷಣ ನೋಡಿಯೇ ಔಷಧ ಕೊಟ್ಟು ಪರೀಕ್ಷಿಸುವುದೂ ಉಂಟಂತೆ.

ನಾವು ಹಚ್ಚಿದ್ದನ್ನೆಲ್ಲ ನಾನೇ ಬಾಯಿಬಿಟ್ಟು ಹೇಳಿದೆ. ಅವರು ಬೈಯಲಿಲ್ಲ. "ನುಸಿ ಇರೋದು ಚರ್ಮದ ಒಳಗೆ, ನೀವು ಹಚ್ಚಿದ್ದು ಮೇಲೆ. ಬೇವು ಅದರ ತನಕ ಮುಟ್ಟೋದೇ ಇಲ್ಲ. ಬೆಳ್ಳುಳ್ಳಿ ನಾಯಿ ಹೊಟ್ಟೆಗೆ ಹೋದರೆ ರಕ್ತದ ಕೆಂಪು ಕಣ ಒಡೆಯುತ್ತೆ. ಇನ್ನು ಕರೀ ಆಯಿಲ್ ವಿಷ ಕಣಮ್ಮ. ಅದರಲ್ಲಿ ಲೋಹದ ಅಂಶ ಇರುತ್ತೆ. ಚರ್ಮ ಸುಡುತ್ತೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತೆ," ಎಂದರು. ಪಾತ್ರೆ ತೊಳೆಯುವ ದ್ರವ ಸೋಪು ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಮೂರು ಸಲ ತೊಳೆದು ಆ ಎಣ್ಣೆ ತೆಗೆಯಲು ಹೇಳಿದರು. ಎಣ್ಣೆ ಬಿಡಿಸಲು ಸೀಮೆಎಣ್ಣೆ ಮಾತ್ರ ಮುಟ್ಟಿಸಬೇಡಿ ಎಂದರು.

"ಮಗಳಿಗೆ?" ಎಂದೆ. ನನಗೆ ಇದ್ದ ದೊಡ್ಡ ಭಯ ಅದು. "ನಾಯಿಯ ನುಸಿ ಮನುಷ್ಯರ ಮೈಮೇಲೆ ಹತ್ತಿ ಕಚ್ಚುತ್ತೆ, ತುರಿಸುತ್ತೆ. ಆದರೆ ಅಲ್ಲಿ ಸಂಸಾರ ಹೂಡೋಕೆ ಅದಕ್ಕೆ ಆಗಲ್ಲ. ನಾಯಿ ಗುಣವಾದರೆ ಕೆಲವು ವಾರದಲ್ಲಿ ಮಗುವಿನ ಗುಳ್ಳೆಯೂ ಹೋಗುತ್ತೆ. ಆದರೂ ಮನುಷ್ಯರ ಡಾಕ್ಟರಿಗೆ ಒಮ್ಮೆ ತೋರಿಸಿ, ನಾಯಿಗೆ ಕಜ್ಜಿ ಇದೆ ಅಂತ ಮರೆಯದೆ ಹೇಳಿ," ಎಂದರು. ಮನುಷ್ಯರಿಂದ ಮನುಷ್ಯರಿಗೆ ಹರಡುವ ಕಜ್ಜಿಯ ನುಸಿ ಇದೇ ಜಾತಿಯ ಬೇರೆ ಬಗೆ. ಅದಾದರೆ ತಾನಾಗಿ ಹೋಗುವುದಿಲ್ಲ, ಮನೆಮಂದಿಗೆಲ್ಲ ಔಷಧ ಬೇಕು. ಅದಕ್ಕೇ ತೋರಿಸಬೇಕಾದದ್ದು.

ಬಂದ ಆಟೋದಲ್ಲೇ ಕೆಂಚಿಯನ್ನು ಮನೆಗೆ ಕರೆತಂದೆವು.

ಎರಡು ನುಸಿ, ಎರಡು ದಾರಿ

ಈಗ ಹಾಸನದ ಸೋದರಿಯ ಮರಿಗೆ ಬರೋಣ. ಅವರ ಪತ್ರದಲ್ಲಿರುವ ಲಕ್ಷಣ ನಮ್ಮ ಕೆಂಚಿಯದ್ದಲ್ಲ. ತುರಿಕೆ ಇಲ್ಲ, ಮರಿಯ ವಯಸ್ಸು, ಕಣ್ಣು ಬಾಯಿಯ ಸುತ್ತ ಅಲ್ಲಲ್ಲಿ ಕೂದಲು ಉದುರುವಿಕೆ. ಇದು ಇನ್ನೊಂದು ನುಸಿಯದ್ದು ಇರಬಹುದು. ಅದರ ಹೆಸರು ಡೆಮೊಡೆಕ್ಸ್. ಇದು ಸುರಂಗ ಕೊರೆಯುವುದಿಲ್ಲ, ಕೂದಲಿನ ಬುಡದ ಗುಳಿಯಲ್ಲೇ ಬಾಳುತ್ತದೆ. ಆಕಾರವೂ ದುಂಡಗಲ್ಲ, ಚುಟ್ಟಾದ ಹಾಗೆ ಉದ್ದ.

ಆಶ್ಚರ್ಯವೇನೆಂದರೆ ಈ ನುಸಿ ಹೆಚ್ಚುಕಡಿಮೆ ಎಲ್ಲ ನಾಯಿಗಳ ಮೈಯಲ್ಲೂ ಸ್ವಲ್ಪ ಸ್ವಲ್ಪ ಇದ್ದೇ ಇರುತ್ತದಂತೆ. ಹುಟ್ಟಿದ ಮೊದಲ ಎರಡು ಮೂರು ದಿನದಲ್ಲಿ, ಹಾಲು ಕುಡಿಯುವಾಗ, ತಾಯಿಯ ಮೈಯಿಂದ ಮರಿಯ ಮೈಗೆ ಬರುತ್ತದೆ. ಗಟ್ಟಿಮುಟ್ಟಾದ ನಾಯಿಯಲ್ಲಿ ಅದರ ಪಾಡಿಗೆ ಅದು ಇರುತ್ತದೆ. ಮೈಯ ಶಕ್ತಿ ಇನ್ನೂ ಬಲಿಯದ ಮರಿಗಳಲ್ಲಿ, ಜಂತುಹುಳು ತುಂಬಿ ಸೊರಗಿದವುಗಳಲ್ಲಿ, ವಯಸ್ಸಾದ ಮೇಲೆ ಬೇರೆ ದೊಡ್ಡ ಕಾಯಿಲೆ ಬಂದ ನಾಯಿಗಳಲ್ಲಿ ಮಾತ್ರ ಮಿತಿಮೀರಿ ಬೆಳೆದು ಕೂದಲು ಉದುರಿಸುತ್ತದೆ.

ಸೋದರಿ, ನೀವು ಮನೆಯವರಿಗೆ ಓದಿ ಹೇಳಬೇಕಾದ ಮಾತು ಇದು: ಡೆಮೊಡೆಕ್ಸ್ ನುಸಿ ಮನುಷ್ಯರಿಗೆ ಅಂಟುವುದಿಲ್ಲ. ನಿಮ್ಮ ಮಕ್ಕಳಿಗೂ ಅಂಟುವುದಿಲ್ಲ, ನಿಮಗೂ ಇಲ್ಲ. ದೊಡ್ಡ ನಾಯಿಯಿಂದ ದೊಡ್ಡ ನಾಯಿಗೂ ಸಾಮಾನ್ಯವಾಗಿ ಹರಡುವುದಿಲ್ಲ. ನಾಲ್ಕಾರು ಕಡೆ ಮಾತ್ರ ಕೂದಲು ಹೋಗಿದ್ದರೆ ಬಹುಪಾಲು ಮರಿಗಳಲ್ಲಿ ಒಂದೆರಡು ತಿಂಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಮಕ್ಕಳಿಗೆ ಅಂಟುತ್ತದೆ ಎಂಬ ಹೆದರಿಕೆಯಿಂದ ತೋಟದಾಚೆ ಬಿಟ್ಟಿದ್ದರೆ, ಯಾರಿಗೂ ಅಂಟದ ಕಾಯಿಲೆಗೆ ಮರಿಯ ಜೀವ ಹೋಗುತ್ತಿತ್ತು.

ಆದರೆ ಇದು ಪತ್ರ ಓದಿ ನಾನು ಮಾಡಿದ ಊಹೆ. ಹುಳಕಡ್ಡಿಯೂ ಇದೇ ಥರ ದುಂಡಗೆ ಕೂದಲು ಉದುರಿಸುತ್ತದೆ, ಅದು ಮಕ್ಕಳಿಗೆ ಅಂಟುತ್ತದೆ. ಆದ್ದರಿಂದ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ, "ಚರ್ಮ ಹೆರೆದು ನೋಡಿ ಡಾಕ್ಟ್ರೇ" ಎಂದು ನೀವೇ ಬಾಯಿಬಿಟ್ಟು ಕೇಳಿ. ಡೆಮೊಡೆಕ್ಸ್ ಆಳದಲ್ಲಿರುವುದರಿಂದ ಚರ್ಮವನ್ನು ಹಿಂಡಿ, ಸ್ವಲ್ಪ ರಕ್ತ ಒಸರುವಷ್ಟು ಹೆರೆಯುತ್ತಾರೆ. ನೋಡಲು ಕಷ್ಟ, ಆದರೆ ನಿಮಿಷದ ಕೆಲಸ. ಮರಿ ಕುಂಯ್ಗುಟ್ಟಿತೆಂದು ಬೇಡ ಎನ್ನಬೇಡಿ.

ಮೈಯೆಲ್ಲ ಹರಡಿದರೆ, ಪಾದ ಊದಿ ಕೀವು ತುಂಬಿದರೆ, ವಾಸನೆ ಬಂದರೆ ಮಾತ್ರ ಇದು ಸಣ್ಣ ಕಾಯಿಲೆಯಲ್ಲ. ಆಗ ತಿಂಗಳುಗಟ್ಟಲೆ ಔಷಧ ಬೇಕಾಗುತ್ತದೆ. ಕೂದಲು ಬಂತೆಂದು ನಿಲ್ಲಿಸುವ ಹಾಗಿಲ್ಲ. ತಿಂಗಳಿಗೊಮ್ಮೆ ಹೆರೆದು ನೋಡಿ, ಎರಡು ಸಲ ಸಾಲಾಗಿ ನುಸಿ ಇಲ್ಲವೆಂದ ಮೇಲೆಯೇ ನಿಲ್ಲಿಸುವುದು. ಹೀಗೆ ಮೈತುಂಬ ಬಂದ ನಾಯಿಗೆ ಮರಿ ಹಾಕಿಸಬಾರದು ಎಂದೂ ಡಾಕ್ಟರಮ್ಮ ಹೇಳಿದರು. ಈ ದೌರ್ಬಲ್ಯ ವಂಶದಲ್ಲಿ ಹರಿಯುತ್ತದಂತೆ.

ಇನ್ನೂ ಒಂದು ನುಸಿ ಕಿವಿಯೊಳಗೆ ಮಾತ್ರ ಇರುತ್ತದೆ. ನಾಯಿ ತಲೆ ಒದರುತ್ತಿದ್ದು, ಕಿವಿಯೊಳಗೆ ಕಾಫಿ ಪುಡಿಯ ಚರಟದ ಹಾಗೆ ಕಪ್ಪು ಕೊಳೆ ಕಂಡರೆ ಅದು ಇರಬಹುದು. ಮನೆಯಲ್ಲಿ ಬೆಕ್ಕೂ ಇದ್ದರೆ ಅದಕ್ಕೂ ತೋರಿಸಿ, ಏಕೆಂದರೆ ಬೆಕ್ಕಿನಿಂದ ನಾಯಿಗೆ, ನಾಯಿಯಿಂದ ಬೆಕ್ಕಿಗೆ ಇದು ಓಡಾಡುತ್ತದೆ. ಕಿವಿಗೆ ಕಡ್ಡಿ ಹಾಕಬೇಡಿ, ಎಣ್ಣೆ ಕಾಯಿಸಿ ಬಿಡಬೇಡಿ.

ಔಷಧದ ವಿಚಾರದಲ್ಲಿ ಎಚ್ಚರ

ನಮ್ಮ ಕಡೆ ಹಸು, ಕುರಿಗಳಿಗೆ ಚುಚ್ಚುವ ಐವರ್‌ಮೆಕ್ಟಿನ್ ಸೂಜಿಮದ್ದನ್ನು ಯಾರು ಯಾರೋ ತಂದು ನಾಯಿಗೂ ಚುಚ್ಚಿಬಿಡುತ್ತಾರೆ. ಐವರ್‌ಮೆಕ್ಟಿನ್ ಕೆಟ್ಟ ಔಷಧವಲ್ಲ. ಜಪಾನಿನ ಮಣ್ಣಿನಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿಯಿಂದ ಬಂದದ್ದು ಅದು. ಅದರ ಹಿಂದೆ ದುಡಿದ ಸತೋಶಿ ಒಮುರ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಹುಮಾನವೂ ಬಂತು. ಆದರೆ ಹಸುವಿನ ತೂಕಕ್ಕೆ ಮಾಡಿದ ಮದ್ದಿನಲ್ಲಿ ನಾಯಿಗೆ ಒಂದು ತೊಟ್ಟು ಹೆಚ್ಚಾದರೂ ಅಪಾಯ. ಕೋಲಿ, ಶೆಟ್ಲೆಂಡ್ ಶೀಪ್‌ಡಾಗ್, ಆಸ್ಟ್ರೇಲಿಯನ್ ಶೆಫರ್ಡ್ ಮುಂತಾದ ಜಾತಿಯ ಹಲವು ನಾಯಿಗಳಿಗೆ ಈ ಔಷಧ ಮಿದುಳಿಗೆ ಇಳಿಯದಂತೆ ತಡೆಯುವ ಶಕ್ತಿ ಹುಟ್ಟಿನಿಂದಲೇ ಕಡಿಮೆ. ಅವಕ್ಕೆ ಹೆಚ್ಚು ಕೊಟ್ಟರೆ ತೂರಾಡಿ, ಜ್ಞಾನ ತಪ್ಪಿ, ಸಾಯುವುದೂ ಉಂಟು. ಆದ್ದರಿಂದ ಅಳತೆ ಡಾಕ್ಟರದ್ದೇ ಆಗಿರಬೇಕು.

ಮೊದಲು ನೀರಿಗೆ ಬೆರೆಸಿ ಮೈಗೆ ಹಾಕುವ ಅಮಿಟ್ರಾಜ್ ಔಷಧವನ್ನೇ ಹೆಚ್ಚು ಬಳಸುತ್ತಿದ್ದರು, ಈಗಲೂ ಬಳಸುತ್ತಾರೆ. ಅದನ್ನು ಗ್ಲೌಸ್ ಹಾಕಿಕೊಂಡು, ಗಾಳಿಯಾಡುವ ಕಡೆ, ಮಕ್ಕಳನ್ನು ದೂರ ಇಟ್ಟು ಹಚ್ಚಬೇಕು. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಅವರು ಮುಟ್ಟದಿರುವುದು ಒಳ್ಳೆಯದು. ಬೆಕ್ಕಿಗೆ ಅದು ಬೇಡವೇ ಬೇಡ. 2013-14ರಿಂದೀಚೆಗೆ ಚಿಗಟ, ಉಣ್ಣೆಗೆಂದು ಬಾಯಿಗೆ ಕೊಡುವ ಮಾತ್ರೆಗಳು ಬಂದಿವೆ: ಫ್ಲುರಾಲನರ್, ಅಫಾಕ್ಸೋಲನರ್ ಮುಂತಾದವು. ನುಸಿಗೂ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ನಮ್ಮ ಕೆಂಚಿಗೆ ಕೊಟ್ಟದ್ದು ಇಂಥದ್ದೇ ಒಂದು ಮಾತ್ರೆ. ತೂಕ ನೋಡಿ ಕೊಟ್ಟು, ತಿಂಗಳು ಬಿಟ್ಟು ಮತ್ತೆ ಕೊಡಿಸಿದರು. ನಿಮ್ಮ ನಾಯಿಗೆ ಹಿಂದೆ ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ಮಾತ್ರ ಡಾಕ್ಟರಿಗೆ ಮೊದಲೇ ಹೇಳಿ. ಕೆಲವು ನಾಯಿಗಳಿಗೆ ಈ ಮಾತ್ರೆಯಿಂದ ಫಿಟ್ಸ್ ಬರುವುದುಂಟು.

ತುರಿಕೆ ನಿಲ್ಲಲೆಂದು ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ಮಾತ್ರೆ, ಮುಲಾಮು ತರಬೇಡಿ. ಡೆಮೊಡೆಕ್ಸ್ ಇದ್ದರೆ ಅದು ಇರುವ ಶಕ್ತಿಯನ್ನೂ ಕುಗ್ಗಿಸಿ ನುಸಿಗೆ ಹಬ್ಬ ಮಾಡಿಸುತ್ತದೆ.

ಮನೆಯಲ್ಲಿ ನಮ್ಮ ಪಾಲಿನ ಕೆಲಸ

ಮದ್ದು ಡಾಕ್ಟರದ್ದಾದರೂ ಆರೈಕೆ ನಮ್ಮದೇ. ಕೆಂಚಿಯದ್ದು ಹರಡುವ ಕಜ್ಜಿಯಾದ್ದರಿಂದ ನಾವು ಮಾಡಿದ್ದು ಇಷ್ಟು:

1. ಮಲಗುವ ಹಳೆಯ ಸೀರೆ, ದುಪ್ಪಟಿಗಳನ್ನು ಕುದಿಯುವ ನೀರಿನಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಿದೆವು, ವಾರಕ್ಕೆರಡು ಸಲ. ಗೋಣಿಚೀಲ ಬಿಸಾಡಿದೆವು. ನಾಯಿಯ ಮೈ ಬಿಟ್ಟ ನುಸಿ ಸಾಮಾನ್ಯವಾಗಿ ಕೆಲವೇ ದಿನ ಬದುಕುತ್ತದೆ, ತಂಪು ತೇವದ ಮೂಲೆಯಲ್ಲಾದರೆ ಇನ್ನೂ ಹೆಚ್ಚು ದಿನ. ಮಲಗುವ ಜಾಗ ಒಣಗಿರಲಿ.

2. ಗುಣವಾಗುವ ತನಕ ಮಕ್ಕಳು ಎತ್ತಿಕೊಳ್ಳುವುದು, ಹಾಸಿಗೆಗೆ ಕರೆದುಕೊಳ್ಳುವುದು ಬೇಡ. ಮಾತಾಡಿಸಲಿ, ಅನ್ನ ಹಾಕಲಿ. ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯಲಿ.

3. ಮನೆಯಲ್ಲಿ ಎರಡು ನಾಯಿ ಇದ್ದರೆ ತುರಿಕೆ ಇರಲಿ ಬಿಡಲಿ ಎರಡಕ್ಕೂ ಒಟ್ಟಿಗೇ ಔಷಧ. ಪಕ್ಕದ ಮನೆಯ ನಾಯಿ ಆಡಲು ಬರುತ್ತಿದ್ದರೆ ಸಂಕೋಚ ಬಿಟ್ಟು ಅವರಿಗೂ ಹೇಳಿ.

4. ದಿನಾ ಸ್ನಾನ ಮಾಡಿಸಬೇಡಿ. ನಮ್ಮ ಮೈ ಸೋಪು, ಡೆಟ್ಟಾಲು, ಫಿನಾಯಿಲು ಬೇಡ. ಡಾಕ್ಟರು ಹೇಳಿದ ಶಾಂಪೂ, ಹೇಳಿದಷ್ಟು ಸಲ.

5. ಔಷಧ ಕೊಟ್ಟ ಮಾರನೆಯ ದಿನವೇ ತುರಿಕೆ ನಿಲ್ಲುವುದಿಲ್ಲ. ನುಸಿ ಸತ್ತರೂ ಅದರ ಅಲರ್ಜಿ ಇಳಿಯಲು ದಿನ ಬೇಕು. ಮದ್ದು ಬದಲಿಸಬೇಡಿ, ತಾಳಿ.

ಊಟದ ವಿಷಯವನ್ನೂ ಹೇಳಿಬಿಡುತ್ತೇನೆ, ಇದು ಅಡುಗೆ ಪತ್ರಿಕೆ ತಾನೇ. ಕೆಂಚಿಗೆ ಬೆಳಿಗ್ಗೆ ಉಪ್ಪಿಲ್ಲದ ರಾಗಿ ಮುದ್ದೆಯನ್ನು ಆರಿಸಿ, ಹಿಸುಕಿ, ಅದಕ್ಕೆ ಬೇಯಿಸಿದ ಒಂದು ಮೊಟ್ಟೆ, ಒಂದು ಸೌಟು ಬೇಯಿಸಿದ ಸಿಹಿಗುಂಬಳ ಕಲಸಿ ಹಾಕುತ್ತಿದ್ದೆ. ಸಂಜೆ ಅನ್ನಕ್ಕೆ ಸ್ವಲ್ಪ ಮೊಸರು ಮತ್ತು ಮೂಳೆ ತೆಗೆದ ಬೇಯಿಸಿದ ಕೋಳಿ. ಮಾಂಸ ತರದ ಮನೆಯವರು ಏನು ಹಾಕಬೇಕೆಂದು ಡಾಕ್ಟರನ್ನೇ ಕೇಳಿ, ಬರೀ ಮೊಸರನ್ನದಲ್ಲಿ ನಾಯಿಯ ಮೈಗೆ ಬೇಕಾದ್ದೆಲ್ಲ ಸಿಗುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಹುಳಿ-ಸಾರು, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಬೇಡ. ಬೇಯಿಸಿದ ಮೂಳೆಯೂ ಬೇಡ, ಸೀಳಿ ಗಂಟಲಿಗೆ ಚುಚ್ಚುತ್ತದೆ. ಜಂತುಹುಳುವಿನ ಮಾತ್ರೆ ಮರೆಯಬೇಡಿ.

ಕೊನೆಗೆ

ಕೆಂಚಿಯ ಕೆರೆತ ಮೂರನೆಯ ವಾರಕ್ಕೆ ನಿಂತಿತು. ಎರಡು ತಿಂಗಳಿಗೆ ಮೈತುಂಬ ಕೆಂಚು ಕೂದಲು. ಮಗಳ ಗುಳ್ಳೆಗಳೂ ಮಾಯವಾದವು, ಪರೀಕ್ಷೆಯನ್ನೂ ಬರೆದಳು. ಆದರೆ ಆಟೋ ಹತ್ತಿಸಿದ ದಿನದ ಬಗ್ಗೆ ಅವಳು ಇವತ್ತಿಗೂ ನನ್ನ ಹತ್ತಿರ ಮಾತಾಡುವುದಿಲ್ಲ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗೆ ಬಿಟ್ಟು ಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ ಅಪರಾಧ ಎಂದು ಆಮೇಲೆ ಯಾರೋ ಹೇಳಿದರು. ನನಗೆ ಮಾತ್ರ ಕಾಯಿದೆಗಿಂತ ಮಗಳ ಆ ಮೌನವೇ ದೊಡ್ಡದಾಗಿ ಕಾಣುತ್ತದೆ.

ಗೇಟಿನ ಪಕ್ಕದ ಆ ಬೀದಿನಾಯಿಯ ಕಥೆ ಉಳಿಯಿತು. "ಅದಕ್ಕೂ ಕೊಡದಿದ್ದರೆ ನಿಮ್ಮದಕ್ಕೆ ಮತ್ತೆ ಬರುತ್ತೆ," ಎಂದಿದ್ದರು ಡಾಕ್ಟರಮ್ಮ. ಅಂದಾಜಿನ ತೂಕಕ್ಕೆ ಅವರೇ ಕೊಟ್ಟ ಮಾತ್ರೆಯನ್ನು ಮುದ್ದೆಯ ಉಂಡೆಯೊಳಗೆ ಅಡಗಿಸಿ ಹಾಕಿದವರು ಯಾರು ಗೊತ್ತೇ? ನಮ್ಮ ಅತ್ತೆ. "ನಿನ್ ಕೈಯಿಂದ ಅದು ತಿನ್ನಲ್ಲ, ಕೊಡಿಲ್ಲಿ" ಎಂದು ಕಿತ್ತುಕೊಂಡು ಹೋದರು. ಮಾರನೆಯ ತಿಂಗಳೂ ಅವರೇ ಜ್ಞಾಪಿಸಿದರು. ಮೂರು ತಿಂಗಳ ಮೇಲೆ ಒಂದು ದಿನ ಗೇಟಿನಲ್ಲಿ ಬಿಳೀ ನಾಯಿಯೊಂದು ನಿಂತಿತ್ತು. ಯಾರದಪ್ಪ ಈ ನಾಯಿ ಎಂದುಕೊಂಡೆವು. ಬಾಲ ಆಡಿಸಿಕೊಂಡು ಅತ್ತೆಯ ಕಾಲ ಬಳಿ ಬಂದಾಗಲೇ ಗುರುತು ಸಿಕ್ಕಿದ್ದು. ಅದರ ಬಣ್ಣ ಬಿಳಿ ಎಂಬುದು ನಮ್ಮ ಬೀದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಹಾಸನದ ಸೋದರಿ, ನಾಳೆಯೇ ಮರಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಕ್ಕಳನ್ನೂ ಜೊತೆಗೆ ಕರೆದುಕೊಳ್ಳಿ, ಸೂಕ್ಷ್ಮದರ್ಶಕದಲ್ಲಿ ಅವರೂ ನೋಡಲಿ. ಏನಾಯಿತೆಂದು ನನಗೆ ಎರಡು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.

ಸಂಡಿಗೆ ಅರಳುವುದಿಲ್ಲ ಎಂದು ಬರೆದ ಸೋದರಿಯರಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ. ಆ ವಿಷಯದಲ್ಲಿ ನನ್ನ ಮನೆಮದ್ದನ್ನು ಧೈರ್ಯವಾಗಿ ನಂಬಬಹುದು!